ಅವರ ಭಾಷಣ, ನನ್ನ ತೆಲುಗು

ಹೋದ ಎಲೆಕ್ಷನ್ನಲ್ಲಿ ಅಸೆಂಬ್ಲಿಗೆ ನಿಂತಿದ್ದ ಒಬ್ಬ ಕ್ಯಾಂಡಿಡೇಟು ಹೇಳದೇ ಇರೋ ಮಾತನ್ನ ಅವರ ಹೆಸರಲ್ಲಿ ಹೇಳಿದೋಳು ನಾನು. ಸ್ಕೂಲಲ್ಲಿ ಎಲ್ಲರಿಗೂ ಇದನ್ನ ಹೇಳಿದೀನಿ. ಕೇಳಿ ಸಾಕಾದೋರಿಗೆ ಇನ್ನೊಂದ್ಸಲ ಹೇಳಿದೀನಿ.

ನಮ್ಮೂರು ಅಂಬಾಜಿದುರ್ಗದ ಬುಡದಲ್ಲಿದೆ. ನಮ್ಮ ಕೇರಿ ಊರಾಚೆ, ಅಂದ್ರೆ ಊರು ಕೆಮ್ಮಿದ್ರೆ ನಮಗೆ ಕೇಳುತ್ತೆ, ನಾವು ಕಿರುಚಿದ್ರೂ ಊರಿಗೆ ಕೇಳಲ್ಲ. ಕೇರೀಲೆಲ್ಲಾ ತೆಲುಗು. ಕನ್ನಡದಲ್ಲಿ ಹೈಸ್ಕೂಲ್ ಓದ್ತಿರೋಳು ನಾನೊಬ್ಳೇ, ಅದಕ್ಕೇ ನಾನೇ ಪಂಡಿತೆ. ಕ್ಯಾಂಡಿಡೇಟು ಮೈಸೂರು ಕಡೆ ವಕೀಲರು, ತೆಲುಗಲ್ಲಿ ಕುಡಿಯಕ್ಕೆ ನೀರು ಕೇಳಕ್ಕೂ ಬರ್ತಿರಲಿಲ್ಲ. ಅವರ ಮಾತನ್ನ ತೆಲುಗಲ್ಲಿ ಹೇಳ್ತಿದ್ದೋನು ಊರೂರಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿ ಕಪ್ಪೆ ಆಗಿದ್ದ. ಕೇರಿಯೋರು ನನ್ನ ಮುಂದಕ್ಕೆ ತಳ್ಳಿದ್ರು. ತಳ್ಳಿದ್ರು ಅನ್ನೋದು ಮರ್ಯಾದೆಗೆ, ನಾನಾಗಲೇ ಮೈಕ್ ಹಿಡ್ಕೊಂಡಿದ್ದೆ.

ಮನುಷ್ಯರೆಲ್ಲಾ ಸಮ, ಹೆಂಗಸ್ರಿಗೂ ಗಂಡಸ್ರಿಗೂ ಒಂದೇ ಹಕ್ಕು, ಬಾವಿ, ಗುಡಿ, ಹೋಟ್ಲು ಎಲ್ಲರದ್ದೂ, ಕಾನೂನಂತೂ ಬಂದಾಗಿದೆ, ನಾನು ಗೆದ್ರೆ ಹಂತ ಹಂತವಾಗಿ ಜಾರಿಗೆ ತರ್ತೀನಿ ಅಂದ್ರು. ಎಲ್ಲಾ ಚೆನ್ನಾಗೇ ಹೇಳ್ತಾ ಬಂದೆ. ಹಂತ ಹಂತದ ಹತ್ರ ನಿಂತೆ.

ಮುಂದುಗಡೆ ಕೂತಿದ್ದು ನಮ್ಮಪ್ಪ. ಅಪ್ಪ ಹಗ್ಗ ಹೊಸೆದು ಚಿಂತಾಮಣಿ ಸಂತೇಲಿ ಮಾರ್ತಾನೆ. ಸಂತೆ ಪಕ್ಕದ ಹೋಟ್ಲಲ್ಲಿ ನಮ್ಮೋರಿಗೆ ಅಂತ ಹೊರಗೋಡೆ ಮೊಳೆಗೆ ಒಂದು ಸೊಟ್ಟ ತಗಡು ಲೋಟ ನೇತಾಕಿದ್ರು. ಅಪ್ಪ ಅದನ್ನ ತೊಳ್ಕೊಂಡು ಬೀದೀಲಿ ನಿಂತು ಹಿಡೀಬೇಕು, ಹೋಟ್ಲಿನೋರು ಆಕಾಶದಿಂದ ಕಾಫಿ ಸುರೀತಿದ್ರು, ಅರ್ಧ ಲೋಟಕ್ಕೆ, ಅರ್ಧ ಅಪ್ಪನ ಕಾಲಿಗೆ. ನಿನ್ನ ಕಾಲು ನಿನಗಿಂತ ಜಾಸ್ತಿ ಕಾಫಿ ಕುಡ್ದಿದೆ ಕಣಪ್ಪ ಅಂತ ತಮಾಷೆ ಮಾಡ್ತಿದ್ದೆ. ಅಪ್ಪ ನಗ್ತಿರಲಿಲ್ಲ. ಒಳಗೆ ಬೆಂಚ್ ಮೇಲೆ ಕೂತು ಕುಡಿದ್ರೆ ರುಚಿ ಬೇರೆ ಇರುತ್ತೇನೋ ಅಂತ ಒಂದಿನ ಅಮ್ಮನ್ನ ಕೇಳಿದ್ದ.

ಅದಕ್ಕೇ ಹಂತ ಹಂತವನ್ನ ನಾನು ತೆಲುಗಲ್ಲಿ ಹಿಂಗೆ ಹೇಳಿದೆ: ನಾಳೆ ಸಂತೇಲಿ ನಿಮ್ಮ ಜೊತೆ ಹೋಟ್ಲೊಳಗೆ ಬೆಂಚ್ ಮೇಲೆ ಕೂತು ಕಾಫಿ ಕುಡೀತೀನಿ. ಚಪ್ಪಾಳೆ ಹೆಂಗ್ ಬಿತ್ತು ಅಂದ್ರೆ ಬೆಟ್ಟದ ಗಿಣಿಗಳೆಲ್ಲಾ ಹೆದರಿ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ಹಾರಿದ್ವು. ಕ್ಯಾಂಡಿಡೇಟು ಖುಷಿಯಾಗಿ ಜೋರಾಗಿ ತಲೆ ಆಡಿಸಿದ್ರು.

ಮನೇಗೆ ಬಂದ್ಮೇಲೆ, ನಿಜವಾಗ್ಲೂ ಅವರು ಹಂಗಂದ್ರಾ ಅಂದ ಅಪ್ಪ. ತಲೆ ಆಡ್ಸಿದ್ದು ನೋಡ್ಲಿಲ್ವಾ ಅಂದೆ. ಅಪ್ಪ ಶರ್ಟು ಒಗೆದು ಒಣಗಾಕಿದ. ಆವಾಗಲೇ ನನಗೆ ಹೊಳೆದಿದ್ದು. ಅವರು ಬರದೇ ಇದ್ರೆ ಇಡೀ ಸಂತೆ ಅಪ್ಪನ್ನ ನೋಡಿ ನಗುತ್ತೆ.

ಮಾರನೇ ದಿನ ಅಪ್ಪನ ಹಿಂದೆ ಇಡೀ ಕೇರಿ ಬಂತು. ಕ್ಯಾಂಡಿಡೇಟಿನ ಜೀಪೂ ಬಂತು. ನಾನು ತೆಲುಗಲ್ಲಿ ಏನಂದಿದ್ದೆ ಅಂತ ಕಪ್ಪೆಯಪ್ಪ ಅವರಿಗೆ ಎಲ್ಲಾ ವಟಗುಟ್ಟಿ ಹೇಳಿಯಾಗಿತ್ತು. ಒಳಗೆ ಹೋದ್ರೆ ಪೇಟೆ ಓಟು ಹೋಗುತ್ತೆ ಅಂತ ಜೊತೆಯೋರು ಕ್ಯಾಂಡಿಡೇಟಿನ ಕಿವಿ ಕಚ್ತಿದ್ರು. ಅವರು ನನ್ನೇ ನೋಡಿದ್ರು.

"ಏನಮ್ಮಾ, ನಾನು ಐದು ವರ್ಷಕ್ಕೆ ಅಂತ ಇಟ್ಟಿದ್ದನ್ನ ನೀನು ನಾಳೆಗೇ ತಂದುಬಿಟ್ಯಲ್ಲ."

ನಾನು ಅಪ್ಪನ ಒಗೆದ ಶರ್ಟಿನ ಹಿಂದೆ ಸರಿದೆ.

"ಇರಲಿ, ತಲೆ ಆಡ್ಸಿದ್ದು ನಾನೇ ತಾನೆ" ಅಂತ ಅಪ್ಪನ ಕೈ ಹಿಡಿದು ಒಳಗೆ ಹೋದ್ರು. ಹೋಟ್ಲಿನೋರು ತಗಡು ಲೋಟ ತಂದಾಗ, ಹಂಗಾದ್ರೆ ನಂಗೂ ಅಂಥದ್ದೇ ಕೊಡಿ ಅಂದ್ರು. ಒಂದೇ ಇದ್ದಿದ್ದು, ಪಾಪ. ಇಬ್ರಿಗೂ ಹಿತ್ತಾಳೆ ಲೋಟವೇ ಬಂತು. ಅಪ್ಪ ಕೋಳಿ ಮೊಟ್ಟೆ ಮೇಲೆ ಕೂತಂಗೆ ಬೆಂಚ್ ಮೇಲೆ ಕೂತಿದ್ದ.

ಅವರು ಸೋತ್ರು. ಠೇವಣಿ ಒಂದು ಉಳೀತು, ಅದೂ ನನ್ನ ತೆಲುಗಿಂದ ಅಂತ ನಾನು ಹೇಳ್ಕೊಂಡು ತಿರುಗ್ತೀನಿ.

ಮುಂದಿನ ಸಂತೆಗೆ ಜೀಪಿಲ್ಲ, ಕ್ಯಾಂಡಿಡೇಟಿಲ್ಲ, ಮೊಳೇಲಿ ಲೋಟ ಮತ್ತೆ ನೇತಾಡ್ತಿತ್ತು. ನಾನು ಕನ್ನಡ, ತೆಲುಗು ಎರಡರಲ್ಲೂ ಭಾಷಣ ರೆಡಿ ಮಾಡ್ಕೊಂಡು, ಮೇಲೆ ನಾಲ್ಕು ಉರ್ದು ಪದ ಉದುರಿಸ್ಕೊಂಡು ಅಪ್ಪನ ಜೊತೆ ಹೋದೆ. ಹೊಸಿಲಲ್ಲಿ ಬಾಯಿ ತೆಗೆಯೋಷ್ಟರಲ್ಲಿ ಅಪ್ಪ ಭುಜದ ಮೇಲೆ ಕೈ ಇಟ್ಟ.

"ನೀನು ಸುಮ್ನಿರಮ್ಮ. ಇದನ್ನ ನಾನೇ ಹೇಳ್ತೀನಿ."

ಒಳಗೆ ಹೋಗಿ ಬೆಂಚಿನ ನಟ್ಟನಡುವೆ ಕೂತ. ಹೋಟ್ಲಿನೋರು ಮೊಳೆ ನೋಡಿದ್ರು, ಅಪ್ಪನ್ನ ನೋಡಿದ್ರು. ಅಪ್ಪ ತೆಲುಗಲ್ಲೇ ಎರಡು ಕಾಫಿ ಅಂದ. ಯಾರೂ ಕನ್ನಡ ಮಾಡಿ ಹೇಳೋದು ಬೇಕಾಗಲಿಲ್ಲ.

ಎರಡು ಹಿತ್ತಾಳೆ ಲೋಟ ಬಂತು. ನಾನು ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಅಪ್ಪನ ಕಾಲು ಒಣಗಿಯೇ ಇತ್ತು.