ದೇವಿಯ ಕಣ್ಣಿನ ಅಳತೆ

ನನ್ನ ಗಂಡನ ಕಣ್ಣು ಮಂಜಾಗಿದೆ ಎಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಬಣ್ಣದ ಬಟ್ಟಲಿಗೆ ಅದ್ದಬೇಕಾದ ಕುಂಚವನ್ನು ಅವರು ನನ್ನ ಮಜ್ಜಿಗೆಗೆ ಅದ್ದಿದರು. ನಾನು ನಕ್ಕೆ. ಅವರು ನಗಲಿಲ್ಲ.

ಕೊಪ್ಪಳದ ಹತ್ತಿರದ ಊರು ನಮ್ಮದು. ಕಟ್ಟಿಗೆಯ ದೇವರನ್ನು ಮಾಡಿ ಬಣ್ಣ ಹಾಕುವುದು ಅವರ ಮನೆತನದ ಕಸುಬು. ನಾನು ಯಲಬುರ್ಗಾ ಕಡೆಯ ಮಂಗಳೂರಿನಿಂದ ಮದುವೆಯಾಗಿ ಬಂದವಳು. ಅತ್ತೆ ಮಾವ ತೀರಿಕೊಂಡಿದ್ದರು, ನಮಗೆ ಮಕ್ಕಳಿರಲಿಲ್ಲ. ಆಗ ಇನ್ನೂ ನಿಜಾಮನ ಆಳ್ವಿಕೆ. ಕೊಪ್ಪಳದ ಹಕೀಮರು ಕಣ್ಣಿಗೆ ಕಾಡಿಗೆಯಂತೆ ಹಚ್ಚುವ ಸುರ್ಮಾ ಕೊಟ್ಟರು, ಅದರಿಂದ ಉರಿ ಬಂತೇ ಹೊರತು ಬೆಳಕು ಬರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ," ಎಂದರು ನನ್ನ ಗಂಡ. "ಕುರುಡನ ಕೈಯಾಗ ಯಾರು ದೇವರು ಮಾಡಸ್ತಾರ?"

ಕೆತ್ತುವುದಕ್ಕೆ ಅವರಿಗೆ ಕಣ್ಣು ಅಷ್ಟಾಗಿ ಬೇಕಿರಲಿಲ್ಲ, ಬೆರಳು ಸಾಕಿತ್ತು. ಬಣ್ಣಕ್ಕೆ ಬೇಕಿತ್ತು. ಹಾಗಾಗಿ ನನಗೆ ಕಲಿಸಿದರು. ಮುಖದ ಉದ್ದಕ್ಕೆ ಒಂದು ದಾರ ಹಿಡಿದು ಮೂರು ಮಡಿಕೆ ಮಾಡಬೇಕು: ಹಣೆ ಒಂದು, ಮೂಗು ಒಂದು, ಗದ್ದ ಒಂದು. ಅಡ್ಡ ಅಳತೆಯನ್ನು ಐದು ಭಾಗ ಮಾಡಿದರೆ ಒಂದು ಭಾಗ ಒಂದು ಕಣ್ಣು. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಹುಬ್ಬಿನ ಬಾಗನ್ನು ಕೈವಾರದಿಂದ ಎಳೆಯಬೇಕು. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿ ಬೆಳೆದ ನನಗೆ ಇದು ಬೇಗ ಹತ್ತಿತು. ಗೆರೆಗಳು ಕೂಡುವ ಕಡೆ ಕೂಡಿದಾಗ ಆಗುತ್ತಿದ್ದ ಸಂತೋಷವನ್ನು ನಾನು ಅವರಿಂದ ಮುಚ್ಚಿಡುತ್ತಿದ್ದೆ. ಅವರ ಕತ್ತಲೆಯಿಂದ ನನಗೆ ದಕ್ಕಿದ ಸಂತೋಷ ಅದು.

ಆ ವರ್ಷ ಸಿದ್ದಾಪುರದವರು ಬಂದರು. ಅವರ ಊರದೇವಿ ದ್ಯಾಮವ್ವನ ಮೂರ್ತಿಗೆ ಗೆದ್ದಲು ಹಿಡಿದಿತ್ತು. ಹಳೆಯದನ್ನು ಮಾಡಿದವರು ನಮ್ಮ ಮಾವ, ಹೊಸದನ್ನು ಮಗನೇ ಮಾಡಬೇಕು ಎಂಬುದು ಅವರ ಹಟ. ನನ್ನ ಗಂಡ ಒಪ್ಪಿಕೊಂಡರು. ಎರಡು ತಿಂಗಳು ಕೆತ್ತಿದರು. ಹುಣಸೆ ಬೀಜದ ಅಂಟು ಹಚ್ಚಿ, ಉಜ್ಜಿ, ಬಿಳಿ ಬಣ್ಣ ಬಳಿದು ನಾವಿಬ್ಬರೂ ಸೇರಿ ಉಳಿದದ್ದನ್ನೆಲ್ಲ ಮುಗಿಸಿದೆವು. ಕೊನೆಗೆ ಉಳಿದದ್ದು ಕಣ್ಣು.

ಬೆಳಿಗ್ಗೆ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು ನಾನೇ ಬರೆದೆ. ದಾರ ಇಟ್ಟೆ, ಕೈವಾರ ಇಟ್ಟೆ, ಮೂರು ಸಲ ಅಳೆದೆ. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಅವರು ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದರು.

"ಹೆಂಗ ಬಂದಾಳ?" ಎಂದು ಕೇಳಿದರು.

"ನೀವ ಬರದಂಗ ಅದಾಳ್ರಿ," ಎಂದೆ.

ಅದು ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು. ಎಲ್ಲ ಸರಿಯಿತ್ತು, ಆದರೆ ಏನೋ ಇರಲಿಲ್ಲ. ಏನೆಂದು ಮಾತ್ರ ತಿಳಿಯಲಿಲ್ಲ.

ಸಿದ್ದಾಪುರದವರು ಗಾಡಿ ಕಟ್ಟಿಕೊಂಡು ಬಂದರು. ಗಂಡಸರು ಛಲೋ ಆಗೇತಿ ಎಂದು ಕೈಮುಗಿದರು. ಅವರ ಜೊತೆ ಬಂದಿದ್ದ ಪೂಜಾರಿ ಮುದುಕಿಯೊಬ್ಬಳು ಮೂರ್ತಿಯ ಎದುರಿಗೆ ನಿಂತಳು, ಎಡಕ್ಕೆ ಸರಿದಳು, ಬಲಕ್ಕೆ ಸರಿದಳು.

"ಭಾಳ ಚಂದ ಅದಾಳಪಾ," ಎಂದಳು. "ಆದ್ರ ನನ್ನ ನೋಡವಲ್ಲಳು."

ನನ್ನ ಗಂಡ ಎದ್ದು ಮೂರ್ತಿಯ ಹತ್ತಿರ ಹೋದರು. ಕಣ್ಣಿನ ಬಣ್ಣದ ಮೇಲೆ ಬೆರಳ ತುದಿ ಆಡಿಸಿದರು. ಬಣ್ಣದ ದಪ್ಪ ಅವರ ಬೆರಳಿಗೆ ಸಿಗುತ್ತಿತ್ತು. ಆಮೇಲೆ ಬಂದವರ ಕಡೆ ತಿರುಗಿದರು.

"ಇದು ನಾ ಬರದಿದ್ದಲ್ರಿ. ನನಗ ಕಣ್ಣು ಕಾಣೂದಿಲ್ಲ. ನನ್ನ ಹೇಣ್ತಿ ಬರದಾಳ. ಆಕಿದು ತಪ್ಪಿಲ್ಲ."

ಆ ಮಂದಿ ಬೈಯಲಿಲ್ಲ. ಮುದುಕಿ ನನ್ನ ತಲೆ ಸವರಿ ಹೋದಳು. ಮೂರ್ತಿಯನ್ನು ಗಾಡಿಗೆ ಹೇರಿಕೊಂಡು, ಕುಷ್ಟಗಿಯ ಒಬ್ಬ ಚಿತ್ರಗಾರನಿಂದ ಕಣ್ಣು ತಿದ್ದಿಸಿಕೊಳ್ಳುತ್ತೇವೆ ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಗಾಡಿ ಹೋದ ಮೇಲೆ ನಾನು ಅತ್ತೆ. "ಮೂರ್ ಸಲ ಅಳದೇನ್ರಿ. ಎಲ್ಲಿ ತಪ್ಪೇತಿ ಹೇಳ್ರಿ."

"ಎಲ್ಲೂ ತಪ್ಪಿಲ್ಲ. ಅದಕ್ಕ ಹಂಗಾಗೇತಿ. ನಾ ಬರದ ದೇವ್ರಿಗೆ ಒಂದು ಕಣ್ಣು ಎಳ್ಳಿನಷ್ಟು ಕೆಳಗಿರ್ತಿತ್ತು. ಈಗ ಬೆರಳು ಆಡಿಸಿದಾಗ ನೆನಪಾತು."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ನನಗರ ಎಲ್ಲಿ ಗೊತ್ತಿತ್ತು? ನಾನೂ ಅಳದ ಬರೀತಿದ್ದೆ. ಕಡೀಗೆ ಕೈ ತನ್ನಷ್ಟಕ್ಕ ಸರೀತಿತ್ತು. ಅಳತಿ ಅಷ್ಟ ನಿನಗ ಕೊಟ್ಟೆ. ಕೊಡಾಕ ನನ್ನ ಕಡೆ ಅಷ್ಟ ಇತ್ತು."

ಅವರು ಅಳುವುದನ್ನು ನಾನು ಕಂಡದ್ದು ಆಗ ಒಂದೇ ಸಲ. ಕಣ್ಣು ಹೋದದ್ದಕ್ಕೂ ಅತ್ತಿರಲಿಲ್ಲ.

ಸುದ್ದಿ ಹಬ್ಬಿತು. ದೇವರನ್ನು ಮಾಡಿಸುವವರು ಬರುವುದು ನಿಂತಿತು. ನನ್ನ ಗಂಡ ಬುಗುರಿ, ಗಾಡಿಯ ಗಾಲಿ, ತೊಟ್ಟಿಲಿಗೆ ಕಟ್ಟುವ ಗುಬ್ಬಿ ಮಾಡಿದರು. ನಾನು ಬಣ್ಣ ಹಚ್ಚಿದೆ. ಗುಬ್ಬಿಗೆ ಕಣ್ಣು ಇಡುವಾಗಲೂ ಮೊದಲು ದಾರಕ್ಕೇ ಕೈ ಹಾಕುತ್ತಿದ್ದೆ. ಬೇಕೆಂದೇ ಒಂದನ್ನು ಕೆಳಗಿಳಿಸಿ ನೋಡಿದೆ. ಅದು ಬೇಕೆಂದು ಇಳಿಸಿದ ಹಾಗೇ ಕಾಣಿಸಿತು.

ನಿಜಾಮನ ರಾಜ್ಯ ಹೋಗುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಅವರು ಜ್ವರದಿಂದ ತೀರಿಕೊಂಡರು. ನಾನು ಗಂಗಾವತಿಯ ಅಣ್ಣನ ಮನೆಗೆ ಹೋಗಿ, ಹೊಲದ ಕೆಲಸಕ್ಕೆ ನಿಂತೆ. ಸಿದ್ದಾಪುರ ಅಲ್ಲಿಂದ ದೂರವಲ್ಲ. ಅತ್ತಿಗೆ ಹಲವು ಸಲ ದ್ಯಾಮವ್ವನ ದರ್ಶನಕ್ಕೆ ಕರೆದಳು. ಆ ಕಣ್ಣಿನ ಎದುರು ನಿಲ್ಲಲಾರದೆ ಪ್ರತಿ ಸಲವೂ ನಾನು ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿದೆ.