ಬರೆಸದೆ ಬಿಟ್ಟ ಒಂದು ಮಾತು

ಗಂಗೂಬಾಯಿ ನಾಟಕ ನೋಡಲು ಬಂದವಳಲ್ಲ, ಕಾವಲು ಕೂರಲು ಬಂದವಳು. ಪುಣೆಯ ಹಳೇ ಪೇಟೆಯಲ್ಲಿ ಅರವತ್ತೇ ಕುರ್ಚಿಯ ಪುಟ್ಟ ರಂಗಮಂದಿರ. ಹೊಸ ಹುಡುಗರ ಫ್ರಿಂಜ್ ನಾಟಕೋತ್ಸವ. ಮಧ್ಯಾಹ್ನ ಮೂರರ ಆಟ ಪೂರ್ವಾಳದು. ಅವಳೇ ಬರೆದು, ಏಳು ಜನ ಸೇರಿ ಹಾಡಿ ಕುಣಿದು ನಗಿಸುವ ಸಂಗೀತ ನಾಟಕ. ಮರಾಠಿ ವರನ ಮನೆಗೆ ಬಂದ ಧಾರವಾಡದ ಬೀಗರು ಭಾಷೆ ತಿಳಿಯದೆ ಪಡುವ ಫಜೀತಿಯೇ ಕಥೆ.

ಪೂರ್ವಾ ಲೋಕದ ಕಣ್ಣಿಗೆ ಗಂಗೂಬಾಯಿಯ ಕಿರಿ ಮಗಳು. ನಿಜಕ್ಕೆ ಮೊಮ್ಮಗಳು. ಹಡೆದವಳು ಪಕ್ಕದ ಕುರ್ಚಿಯ ಇಂದೂ. ಪೂರ್ವಾಳ ಪಾಲಿಗೆ ಅವಳು ಅಕ್ಕ. ಬೈಲಹೊಂಗಲದಲ್ಲಿ ಹದಿನೆಂಟರ ಇಂದೂ ಮದುವೆಯಿಲ್ಲದೆ ಬಸುರಾದಾಗ, ಗಂಗೂಬಾಯಿಯ ಗಂಡ ಅವ್ವಣ್ಣ ಸಂಸಾರವನ್ನು ಕಿತ್ತು ಪುಣೆ ಹತ್ತಿರದ ಚಿಂಚವಾಡಕ್ಕೆ ತಂದ. ಹುಟ್ಟಿದ ಕೂಸನ್ನು ಹೆಂಡತಿಯ ಮಡಿಲಿಗೆ ಹಾಕಿದ. ಕೂಸಿಗೆ ಮಾತು ಬಂದಾಗ ಗಂಗೂಬಾಯಿ "ಆಯಿ ಅನ್ನು" ಎಂದು ಕಲಿಸಿದಳು. ಅವಳ ಊರ ಕಡೆ ಆಯಿ ಎಂದರೆ ಅಜ್ಜಿ. ಓಣಿಯ ಮರಾಠಿ ಹೆಂಗಸರಿಗೆ ಆಯಿ ಎಂದರೆ ತಾಯಿ. ತಾನು ಸುಳ್ಳಾಡಲಿಲ್ಲ, ಕೇಳಿದವರು ತಪ್ಪು ತಿಳಿದರು ಎಂಬುದೇ ಅವಳ ಸಮಾಧಾನ. ಅದನ್ನು ಉಳಿಸಿಕೊಳ್ಳಲು ಇಪ್ಪತ್ಮೂರು ವರ್ಷ ಕನ್ನಡದವರ ಒಂದು ಅರಿಶಿನ ಕುಂಕುಮಕ್ಕೂ ಹೋಗಲಿಲ್ಲ, ಹುಡುಗಿಗೆ ಊರು ತೋರಿಸಲಿಲ್ಲ. ಭಾರೀ ಬಿಗುಮಾನದ ಹೆಂಗಸು ಎಂದರು ಜನ. ಅನ್ನಲಿ, ಹೊಟ್ಟೆಯೊಳಗಿನ ಬೆಂಕಿ ಅವರಿಗೇನು ಗೊತ್ತು.

ಹೋದ ತಿಂಗಳು ಪೂರ್ವಾ ನೋಟ್‌ಬುಕ್ ಹಿಡಿದು ಎದುರಿಗೆ ಕೂತಿದ್ದಳು. ಎರಡು ಭಾಷೆಯಲ್ಲಿ ಎರಡು ಅರ್ಥ ಕೊಡುವ ಮಾತು ಬೇಕಿತ್ತಂತೆ. ಗಂಗೂಬಾಯಿ ನೆನಪಾದದ್ದನ್ನೆಲ್ಲ ಬರೆಸಿದಳು. ಒಂದನ್ನು ಮಾತ್ರ ನುಂಗಿಕೊಂಡಳು.

ಆ ಮಾತುಗಳ ಹಾಡು ಈಗ ಶುರುವಾಗಿತ್ತು. ಬೀಗಿತ್ತಿ ನಾಕು ಹೋಳಿಗೆ ಕೇಳಿದಳು. ಗಂಡಿನ ಕಡೆಯವರೆಲ್ಲ ಅವಳ ಮೂಗು ನೋಡಿದರು, ಮರಾಠಿಯಲ್ಲಿ ನಾಕ್ ಎಂದರೆ ಮೂಗು. ಬೀಗ ಕಾಲ್ ಕಾಲ್ ಎಂದು ಮೊಣಕಾಲು ಹಿಡಿದು ನರಳಿದ, ಮರಾಠಿಯ ಕಾಲ್ ಎಂದರೆ ನಿನ್ನೆ; ನಿನ್ನೆಯದು ಬಿಡಿ, ಇವತ್ತೇನಾಗಿದೆ ಹೇಳಿ ಎಂದ ಡಾಕ್ಟರು. ಜನ ಬಿದ್ದು ಬಿದ್ದು ನಕ್ಕರು, ಇಂದೂ ಕೂಡ. ಗಂಗೂಬಾಯಿ ನಗಲಿಲ್ಲ. ತಾನು ಬರೆಸಿದ ಒಂದೊಂದು ಮಾತು ಬಂದು ಹೋದಂತೆ ಮನಸ್ಸಿನಲ್ಲೇ ಗೀಟು ಎಳೆದಳು. ಬರೆಸಿದ್ದೆಲ್ಲ ಮುಗಿಯಿತು. ಹಾಡು ಮುಗಿಯಲಿಲ್ಲ.

ಹಾರ್ಮೋನಿಯಂ ಪೇಟಿಯ ದನಿ ತಗ್ಗಿತು. ವಧುವಿನ ವೇಷದ ಪೂರ್ವಾ ಮುಂದೆ ಬಂದಳು. ಅತ್ತೆಯನ್ನು ಆಯಿ ಎಂದು ಕರೆ ಎಂದು ವರ ಹೇಳಿಕೊಟ್ಟ. ವಧು ಗಲ್ಲಕ್ಕೆ ಕೈ ಹಚ್ಚಿ ಕನ್ನಡದಲ್ಲೇ ಕೇಳಿದಳು.

"ಅಯ್ಯ, ಇಷ್ಟು ಸಣ್ಣ ವಯಸ್ಸಿನಾಕಿಗೆ ಅಜ್ಜಿ ಅನ್ಲೇನು?"

ವರ ಅದನ್ನು ಮರಾಠಿಗೆ ತಿರುಗಿಸಿದ್ದೇ ತಡ, ಸಭೆ ಕುರ್ಚಿ ತಟ್ಟಿ ನಕ್ಕಿತು. ಇಂದೂಳ ನಗು ಅರ್ಧಕ್ಕೇ ನಿಂತಿತು. ಗಂಗೂಬಾಯಿ ಬರೆಸದೆ ನುಂಗಿಕೊಂಡ ಮಾತು ಅದೇ. ತಂಡದಲ್ಲಿ ಯಾರೋ ಧಾರವಾಡದವರು ಹೇಳಿಕೊಟ್ಟಿರಬೇಕು, ಬರೀ ತಮಾಷೆಗಿರಬೇಕು ಎಂದುಕೊಂಡು ಜೀವ ಕೈಯಲ್ಲಿ ಹಿಡಿದು ಕೂತಳು.

ಆಟ ಮುಗಿದ ಮೇಲೆ ಪೂರ್ವಾ ಬಣ್ಣ ತೊಳೆಯದೆಯೇ ಇಳಿದು ಬಂದಳು. ಮನೆಯ ಹೊಸ್ತಿಲು ದಾಟಿ ಹೊರಬಂದರೆ ಗಂಗೂಬಾಯಿಯೊಡನೆ ಆ ಹುಡುಗಿ ಮರಾಠಿ ಬಿಟ್ಟು ಬೇರೆ ಆಡಿದವಳಲ್ಲ. ಇವತ್ತು ಅಷ್ಟು ಜನರ ನಡುವೆ ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು.

"ಆಯಿ, ನಮ್ಮವ್ವಗ ನಾಟಕ ಮನಸಿಗೆ ಸೇರ್ತೇನು?"

ಗಂಗೂಬಾಯಿ ಇಂದೂಳ ಕಡೆ ತಿರುಗಿದಳು. ಉತ್ತರ ಕೊಡಬೇಕಾದವಳು ಪಕ್ಕದಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತಿದ್ದಳು.