ಅರಿಶಿನದ ಕೆಳಗಿನ ಉಗುರು

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಒಂದು ಹೊಸ ಕೆಲಸ ಶುರುವಾಗಿದೆ. ಹೆಂಡತಿ ಗಿರಿಜಾ ಕುರ್ಚಿಯಲ್ಲಿ ಕೂತು ಕಾಲನ್ನು ಮಣೆಯ ಮೇಲೆ ಚಾಚುತ್ತಾಳೆ. ನಾನು ಕನ್ನಡಕ ಏರಿಸಿಕೊಂಡು ಅವಳ ಹೆಬ್ಬೆರಳಿನ ಉಗುರಿಗೆ ಔಷಧ ಬಳಿಯುತ್ತೇನೆ. ಸಕ್ಕರೆ ಕಾಯಿಲೆ ಬಂತೆಂದು ವಾಕಿಂಗ್ ಹೊರಟವಳು, ಬೆವೆತ ಬೂಟನ್ನೇ ದಿನವೂ ಮೆಟ್ಟಿ ಉಗುರಿಗೆ ಫಂಗಸ್ ತಂದುಕೊಂಡಿದ್ದಾಳೆ. ಮಂಡಿನೋವು, ಬಗ್ಗಲಾಗದು. ಔಷಧದ ಶೀಸೆ ಬಿಚ್ಚಿದರೆ ಥೇಟ್ ನೇಲ್ ಪಾಲಿಶ್ ವಾಸನೆ. ಎಪ್ಪತ್ತು ದಾಟಿದ ಗಂಡಸು ಹೆಂಡತಿಯ ಕಾಲಿಗೆ ಬಣ್ಣ ಬಳಿಯುತ್ತಿದ್ದಾನೆಂದು ಪಕ್ಕದ ಮನೆಯವರು ನಕ್ಕರೆ ನಗಲಿ, ನೀವೂ ಬೇಕಾದರೆ ಸೇರಿಕೊಳ್ಳಿ.

ಈ ಉಗುರಿನ ವಿಷಯದಲ್ಲಿ ನಾನು ಪಳಗಿದವನು. ಎಪ್ಪತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ಖಾತೆಯಲ್ಲಿದ್ದೆ. ದಿನಕ್ಕೆ ಎಂಟು ಗಂಟೆ ಕಾಲು ರಬ್ಬರ್ ಗಂಬೂಟಿನೊಳಗೆ. ನೀರು ಒಳಗೆ ಬರಬಾರದೆಂದು ಆ ಬೂಟು ಕೊಟ್ಟಿದ್ದರು. ಒಮ್ಮೆ ಬಂದ ನೀರು ಹೊರಗೂ ಹೋಗುತ್ತಿರಲಿಲ್ಲ. ಬಲಗಾಲಿನ ಹೆಬ್ಬೆರಳಿನ ಉಗುರು ಮೊದಲು ಅಂಚಿನಲ್ಲಿ ಹಳದಿಯಾಯಿತು, ಆಮೇಲೆ ದಪ್ಪವಾಯಿತು, ಆಮೇಲೆ ಒಣಗಿದ ಸುಣ್ಣದ ಹಾಗೆ ಪುಡಿಪುಡಿಯಾಗಿ ಉದುರತೊಡಗಿತು. ನಿಂಬೆಹಣ್ಣು ಉಜ್ಜಿದೆ, ಬೇವಿನೆಣ್ಣೆ ಹಚ್ಚಿದೆ. ಯಾರೋ ಹೇಳಿದರೆಂದು ಸೀಮೆಎಣ್ಣೆಯಲ್ಲೂ ಬೆರಳು ಅದ್ದಿದೆ. ಉಗುರು ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

ಹಾಗಿರುವಾಗ ಹರಿಹರದಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ, ಕಣ್ಣು ಚುರುಕು. ಹುಡುಗಿ ನೋಡಲು ಹೋದಾಗ ಕಾಲುಚೀಲ ಬಿಚ್ಚದೆ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದು ಬಂದೆ. ಲಗ್ನಪತ್ರಿಕೆ ಅಚ್ಚಾಯಿತು. ಮದುವೆಗೆ ಇಪ್ಪತ್ತು ದಿನವಿದ್ದಾಗ ಅವ್ವನಿಗೆ ತಟ್ಟನೆ ಹೊಳೆದದ್ದು, ಧಾರೆಯಲ್ಲಿ ಹೆಣ್ಣಿನ ತಂದೆ ವರನ ಪಾದ ತೊಳೆಯುತ್ತಾನೆ ಎಂಬುದು.

ಎರಡನೇ ಪಾಳಿಗೆ ಹೋಗುವ ಮುಂಚೆ ಚಾಪೆಯ ಮೇಲೆ ಅಡ್ಡಾಗಿದ್ದೆ. ಕಣ್ಣು ಬಿಟ್ಟರೆ ಅವ್ವ ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಕೈಯಲ್ಲಿ ಹೊಲಿಗೆ ಸೂಜಿ.

“ಉಗುರಿಗೆ ಚುಚ್ಚಿದೆ ಕಣಪ್ಪ. ಗೊತ್ತಾಯ್ತೇನು?”

“ಇಲ್ಲ.”

“ಈಗ?”

“ಇಲ್ಲ ಕಣವ್ವ.”

ಅವ್ವ ಸೂಜಿ ಕೆಳಗಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ದೊಡ್ಡ ರೋಗ ಬಂದೋರಿಗೆ ಚುಚ್ಚಿದ್ದು ಗೊತ್ತಾಗಲ್ಲಂತೆ.”

ದೊಡ್ಡ ರೋಗ ಅಂದರೆ ಕುಷ್ಠ. ಆ ಹೆಸರನ್ನು ಬಾಯಿಬಿಟ್ಟು ಹೇಳಲೂ ಜನ ಹೆದರುತ್ತಿದ್ದ ಕಾಲ. ಉಗುರಿಗೆ ಸೂಜಿ ಚುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸರಳ ಸಂಗತಿ ಅವ್ವನಿಗೂ ಹೊಳೆಯಲಿಲ್ಲ, ಎಸ್ಸೆಸ್ಸೆಲ್ಸಿ ಪಾಸಾದ ನನಗೂ ಹೊಳೆಯಲಿಲ್ಲ. ಭಯ ಬುದ್ಧಿಗೆ ಮಂಕು ಬಡಿಸುತ್ತದೆ. ನಾಲ್ಕು ದಿನ ಅನ್ನ ಸೇರಲಿಲ್ಲ. ಪಾಳಿಯಲ್ಲಿ ಬಿಸಿ ಕಡಾಯಿಯ ಅಂಚು ಮುಟ್ಟಿ ಮುಟ್ಟಿ ಬೆರಳು ಸುಡುತ್ತದೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ, ನನ್ನ ಉಗುರನ್ನು ಮೊದಲೇ ಕಂಡಿದ್ದ ರಹೀಂ ಸಾಬರು ಅದನ್ನು ಕಂಡು ಕೈ ಹಿಡಿದುಕೊಂಡರು. “ಏನಾಗೈತೆ ನಿಂಗೆ? ಕೈ ಸುಟ್ಕೊಂಡ್ರೆ ಕಾಲು ವಾಸಿ ಆಗ್ತೈತೇನು? ನಡಿ ಡಾಕ್ಟರ್ ಹತ್ರ,” ಎಂದು ಮರುದಿನ ಚರ್ಮದ ಡಾಕ್ಟರ ಬಳಿ ಎಳೆದುಕೊಂಡೇ ಹೋದರು.

ಡಾಕ್ಟರು ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಪಾದ, ಮೊಣಕಾಲು, ಕೈ ಎಲ್ಲ ಮುಟ್ಟುತ್ತ ಹೋದರು. ಮುಟ್ಟಿದಾಗೆಲ್ಲ ಹೂಂ ಅನ್ನಬೇಕು. ನನ್ನ ಜೀವವೆಲ್ಲ ಚರ್ಮಕ್ಕೆ ಬಂದು ಕೂತಿತ್ತು. ಮುಟ್ಟದಿದ್ದಾಗಲೂ ಎರಡು ಸಲ ಹೂಂ ಅಂದೆ. ಆಮೇಲೆ ಉಗುರಿನ ಕೆಳಗಿಂದ ಪುಡಿ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು.

“ರೊಟ್ಟಿಗೆ ಬೂಷ್ಟು ಬರ್ತದಲ್ರಿ, ಅದೇ ಜಾತಿ. ಉಗುರಿಗೆ ಹಿಡಿದೈತೆ ಅಷ್ಟೆ. ಕುಷ್ಠ ಅಲ್ಲ. ಅದಾಗಿದ್ರೂ ಹೆದರಬೇಕಿರಲಿಲ್ಲ, ಔಷಧ ಐತೆ. ಉಗುರಿಗೆ ಚುಚ್ಚಿ ನೋಡಿದ್ರಾ? ಉಗುರು ಕತ್ತರಿಸುವಾಗ ನಿಮಗೆ ನೋಯ್ತದೇನ್ರಿ?”

ನಗಬೇಕಾದ ಜಾಗದಲ್ಲಿ ನಾನು ಅತ್ತುಬಿಟ್ಟೆ. ಹಾಳಾದ ಉಗುರು ರಿಪೇರಿಯಾಗುವುದಿಲ್ಲ, ಬುಡದಿಂದ ಹೊಸದು ಬೆಳೆದು ಹಳೆಯದನ್ನು ದೂಡಬೇಕು, ಅದಕ್ಕೆ ವರ್ಷವೇ ಬೇಕು ಎಂದರು. ಅಷ್ಟೂ ದಿನ ಗುಳಿಗೆ ತಪ್ಪಿಸುವಂತಿಲ್ಲ, ಜಿಡ್ಡಿನ ಊಟದ ಜೊತೆಗೇ ನುಂಗಬೇಕು. ಬೆರಳಸಂದಿ ಒರೆಸಿ ಒಣಗಿಸಬೇಕು, ಬೂಟು ಬಿಸಿಲಿಗಿಡಬೇಕು, ಉಗುರು ಕತ್ತರಿಯನ್ನು ಮನೆಯವರ ಜೊತೆ ಹಂಚಿಕೊಳ್ಳಬಾರದು.

ಇಲ್ಲಿಗೇ ಎಲ್ಲ ಮುಗಿಯಬಹುದಿತ್ತು. ಡಾಕ್ಟರ ಚೀಟಿ ಹಿಡಿದು ಹರಿಹರದ ಬಸ್ಸು ಹತ್ತಿದ್ದರೆ ಅರ್ಧ ಗಂಟೆಯ ದಾರಿ. ಅವ್ವ ಬಿಡಲಿಲ್ಲ. “ಹೇಳಬ್ಯಾಡ. ಚರ್ಮದ ಡಾಕ್ಟರ್ ಹತ್ರ ಹೋಗಿದ್ದ ಅಂದ್ರೆ ಸಾಕು, ಜನ ಉಳಿದಿದ್ದು ತಾವೇ ಸೇರಿಸ್ಕೊಂತಾರೆ. ಉಗುರು ಬರೋವರ್ಗೂ ಸುಮ್ನಿರು.” ನನಗೂ ಅದೇ ಬೇಕಾಗಿತ್ತು. ಅವ್ವನ ಮೇಲೆ ಹಾಕಿ ನುಣುಚಿಕೊಳ್ಳುವುದು ತರವಲ್ಲ.

ಅರಿಶಿನದ ಶಾಸ್ತ್ರದ ದಿನ ಅವ್ವ ನನ್ನ ಬಲ ಹೆಬ್ಬೆರಳಿಗೆ ಗೋಡೆಗೆ ಗಿಲಾವು ಮಾಡಿದಂತೆ ಅರಿಶಿನ ಮೆತ್ತಿದಳು. ಹಳದಿ ಉಗುರು, ಹಳದಿ ಅರಿಶಿನ, ಯಾರಿಗೂ ಗೊತ್ತಾಗದು ಎಂದು ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟೆವು. ತೊಳೆಯುವ ಶಾಸ್ತ್ರದಲ್ಲಿ ನೀರು ಹಾಕುತ್ತಾರೆ, ನೀರಿಗೆ ಅರಿಶಿನ ಹೋಗುತ್ತದೆ ಎಂಬುದು ಮಾತ್ರ ಇಬ್ಬರ ತಲೆಗೂ ಬರಲಿಲ್ಲ.

ಹಿತ್ತಾಳೆ ಪರಾತದಲ್ಲಿ ಕಾಲಿಟ್ಟೆ. ಅತ್ತೆ ತಂಬಿಗೆಯಿಂದ ನೀರು ಹಾಕಿದರು, ಮಾವ ಎರಡೂ ಕೈಯಿಂದ ಉಜ್ಜಿದರು. ಅರಿಶಿನ ಕರಗಿ ಹೋಯಿತು. ಮಾವನ ಹೆಬ್ಬೆಟ್ಟು ಆ ಉಗುರಿನ ಮೇಲೆ ಬಂದು ನಿಂತಿತು. ಕಬ್ಬಿಣದ ಮೇಲೆ ಕೂದಲೆಳೆಯಷ್ಟು ತಪ್ಪನ್ನೂ ಹಿಡಿಯುವ ಕೈ ಅದು. ಅವರು ತಲೆ ಎತ್ತಿ ನನ್ನ ಮುಖ ನೋಡಿದರು, ಆಮೇಲೆ ಪಕ್ಕದಲ್ಲಿದ್ದ ಮಗಳನ್ನು ನೋಡಿದರು. ವಾಲಗದವರು ಊದುತ್ತಲೇ ಇದ್ದರು. ಮಾವ ಬಗ್ಗಿ ಇನ್ನೊಂದು ಸಲ ಕಾಲು ತೊಳೆದು, ಹೆಗಲ ಮೇಲಿನ ಟವೆಲ್ಲಿನಿಂದ ಬೆರಳಸಂದಿಯನ್ನೂ ಬಿಡದೆ ಒರೆಸಿದರು.

ಆ ವರ್ಷವೆಲ್ಲ ಗುಳಿಗೆಯನ್ನು ಮಿಲ್ಲಿನಲ್ಲೇ ಇಟ್ಟುಕೊಂಡೆ. ಜಿಡ್ಡು ಬೇಕಲ್ಲ, ದಿನವೂ ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದು ನುಂಗುತ್ತಿದ್ದೆ. ಗಿರಿಜಾ ನನ್ನನ್ನು ದೋಸೆಬಾಕ ಎಂದುಕೊಂಡಳು. ಮಾವ ತಿಂಗಳಿಗೆರಡು ಭಾನುವಾರ ಹರಿಹರದಿಂದ ಬರುತ್ತಿದ್ದರು. ಬಂದವರು, “ಕಾಲು ತೊಳಕೊಂಡು ಆರಾಮ ಕೂಡ್ರಿ,” ಎಂದು ನನಗೇ ಉಪಚಾರ ಮಾಡುತ್ತಿದ್ದರು. ಅಳಿಯನ ಮೇಲೆ ಎಂಥ ಪ್ರೀತಿ ಎಂದು ನಾನು ಗೆಳೆಯರ ಮುಂದೆ ಕೊಚ್ಚಿಕೊಂಡದ್ದುಂಟು. ಉಗುರು ಪೂರ್ತಿ ಬಂದ ಮೇಲೆ ಡಾಕ್ಟರ ಚೀಟಿ ಹರಿದು ಎಸೆದೆ. ಅರಿಶಿನದ ಕತೆಯನ್ನು ಮಾತ್ರ ಮಕ್ಕಳು ಮೊಮ್ಮಕ್ಕಳಿಗೆಲ್ಲ ಹೇಳಿ ನಗಿಸಿದ್ದೇನೆ. ಸೂಜಿಯ ಭಾಗ, ಅದರಿಂದ ಹುಟ್ಟಿದ ಭಯದ ಭಾಗ ಎಂದೂ ಹೇಳಿರಲಿಲ್ಲ.

ಕಳೆದ ಭಾನುವಾರ ಔಷಧ ಬಳಿಯುತ್ತ, ಇನ್ನು ಮುಚ್ಚಿಡುವುದೇನೆಂದು ಅದನ್ನೂ ಗಿರಿಜಾಗೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

“ಮದುವಿಗೆ ಮೊದ್ಲೇ ಗೊತ್ತಿತ್ತೇನ್ರಿ, ಅದು ದೊಡ್ಡ ರೋಗ ಅಲ್ಲಂತ?” ಅಂದಳು.

“ಹೂಂ. ಡಾಕ್ಟರು ಹೇಳಿದ್ರಲ್ಲ.”

“ಅಪ್ಪ ಅದೇ ಅಂತ ತಿಳಕೊಂಡಿದ್ದ,” ಅಂದಳು. “ಮಂಟಪದಾಗ ಬಾಯಿ ಬಿಟ್ರೆ ನನ್ನ ಬಾಳು ಅಲ್ಲಿಗೇ ಮುಗೀತಿತ್ತು ಅಂತ ಸುಮ್ನಾದ. ಮೊದಲ್ನೇ ಸಲ ತವರಿಗೆ ಹೋದಾಗ ಹಿತ್ತಲಿಗೆ ಕರದು ಹೇಳ್ದ. ಹೋಗಬ್ಯಾಡ, ಇಲ್ಲೇ ಇರವ್ವ, ಏನಾರ ನೆಪ ಹೇಳ್ತೀನಿ ಅಂದ.”

“ನೀನು?”

“ಇವ್ರು ಒಳ್ಳೇರ ಕಾಣ್ತಾರ, ನೋಡೋಣ ಅಂದೆ. ಬಂದೆ.”

“ನನ್ನ ಕೇಳಬಹುದಿತ್ತಲ್ಲ?”

“ಹೂಂ ಅಂದ್ಬಿಟ್ರೆ ಏನ್ ಮಾಡ್ಲಿ ಅಂತ ಕೇಳ್ಲಿಲ್ಲ.” ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. “ಅಪ್ಪ ಬಂದಾಗೆಲ್ಲ ನಿಮ್ಮ ಉಗುರಿನ ಬುಡ ನೋಡ್ಕೊಂಡು ಹೋಗ್ತಿದ್ದ. ಅಷ್ಟರಾಗ ಸುಮಾ ಹೊಟ್ಟೆಯಾಗಿದ್ಲು. ಹುಟ್ಟಿದ ಕೂಡ್ಲೇ ಅದರ ಕೈಕಾಲು ಬೆರಳು ಎಲ್ಲಾ ಚಿವುಟಿ ನೋಡ್ದೆ, ಅಳ್ತೈತೋ ಇಲ್ಲೋ ಅಂತ.”

ಸುಮಾ ನಮ್ಮ ಹಿರಿಯ ಮಗಳು. ಹುಟ್ಟಿದಾಗ ಆಸ್ಪತ್ರೆಯ ಬಾಗಿಲ ಹೊರಗೆ ನಿಂತು ಅವಳ ಅಳು ಕೇಳಿದ್ದೆ. ಎಂಥ ಜೋರು ಗಂಟಲು ಎಂದು ಹಿಗ್ಗಿ ಮಿಲ್ಲಿನವರಿಗೆಲ್ಲ ಪೇಡೆ ಹಂಚಿದ್ದೆ.